ಶಂಕರಹೊಂಡದಿಂದ ಅಳಿವೆಯವರೆಗೆ: ಅಘನಾಶಿನಿಯ ಜೊತೆ ಮೂರು ದಿನ

ದೀಪಾವಳಿ ಮುಗಿದು ವಾರ ಆಗಿತ್ತು. ಅಕ್ಕನ ಮಗಳು ನ್ಯೂಜಿಲೆಂಡಿನಿಂದ ದೊಡ್ಡಹಬ್ಬಕ್ಕೆ ಅಂತ ಬಂದವಳು ಇನ್ನೂ ಹತ್ತು ದಿನ ಇರುವವಳಿದ್ದಳು. ಒಂದು ಸಂಜೆ ಫೋನ್ ಮಾಡಿ, "ಮಾವ, ಉಂಚಳ್ಳಿ ಜಲಪಾತ ನೋಡದೆ ಎಷ್ಟೋ ವರ್ಷ ಆಯ್ತು. ಹೋಗೋಣ್ವಾ?" ಅಂದಳು.

ನನಗೆ ಅಷ್ಟು ಸಾಕಿತ್ತು. ಆದರೆ ಒಂದು ಷರತ್ತು ಹಾಕಿದೆ. ಜಲಪಾತ ಒಂದನ್ನೇ ನೋಡಿ ವಾಪಸ್ ಬರುವುದು ಬೇಡ. ಅಘನಾಶಿನಿ ಹುಟ್ಟುವಲ್ಲಿಂದ ಸಮುದ್ರ ಸೇರುವವರೆಗೂ ಹೋಗೋಣ. ಇಡೀ ನದಿ ಸುಮಾರು 120 ಕಿಲೋಮೀಟರ್. ಘಟ್ಟದ ಮೇಲೆ ಹುಟ್ಟಿ ಅದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಲು ಸೇರುತ್ತದೆ. ಮೂರು ದಿನ ಧಾರಾಳ ಸಾಕು.

ಉಂಚಳ್ಳಿಯ ಫೋಟೊ ಎಲ್ಲರ ಫೋನಿನಲ್ಲೂ ಇರುತ್ತದೆ. ಅದರ ಮೇಲಿನ ನದಿ, ಕೆಳಗಿನ ನದಿ ಯಾರ ಫೋನಿನಲ್ಲೂ ಕಾಣುವುದಿಲ್ಲ. ಬಹಳ ವರ್ಷದಿಂದ ನನಗೆ ಇದೊಂದು ಕೊರಗು. ಶಿರಸಿಯಲ್ಲೇ ಹುಟ್ಟಿ ಬೆಳೆದವರಿಗೂ, ತಾವು ದಿನಾ ದಾಟುವ ಹೊಂಡದಿಂದಲೇ ಆ ಜಲಪಾತಕ್ಕೆ ನೀರು ಹೋಗುವುದು ಅನ್ನುವ ನೆನಪಿರುವುದಿಲ್ಲ.

ಮೊದಲ ದಿನ: ಊರ ನಡುವಿನ ಹೊಂಡ

ಮಧ್ಯಾಹ್ನದ ಬಸ್ಸಿಗೆ ಅವಳು ಶಿರಸಿಗೆ ಬಂದಳು. ಮಾರಿಕಾಂಬೆಗೆ ಕೈಮುಗಿದು ನೇರ ಶಂಕರಹೊಂಡಕ್ಕೆ ಕರೆದುಕೊಂಡು ಹೋದೆ.

ಸುತ್ತ ಮನೆ, ಅಂಗಡಿ, ಸ್ಕೂಟರಿನ ಸದ್ದು. ನಡುವೆ ಹೊಂಡ. ನೀರಿನ ಮೇಲೆ ಒಂದು ಎಲೆ ತೇಲುತ್ತಿತ್ತು, ಎತ್ತಲೂ ಹೋಗುತ್ತಿರಲಿಲ್ಲ.

"ಇದೇನಾ ನದಿ?" ಅಂದಳು.

ಇದೇ. ಇಲ್ಲಿಂದ ಹೊರಟದ್ದು ಒಂದು ಕವಲು. ಇನ್ನೊಂದು ಕವಲು ಮಂಜುಗುಣಿ ಕಡೆಯಿಂದ ಬರುತ್ತದೆ. ಎರಡೂ ಮುಂದೆ ಒಂದಾಗಿ, ತೋಟ ಗದ್ದೆಗಳ ನಡುವೆ ಹರಿದು, ದಾರಿಯುದ್ದಕ್ಕೂ ಬೆಟ್ಟದ ಹಳ್ಳಗಳನ್ನು ಸೇರಿಸಿಕೊಂಡು ದೊಡ್ಡದಾಗುತ್ತವೆ. ಅಘ ಅಂದರೆ ಪಾಪ, ಅದನ್ನು ತೊಳೆಯುವವಳು ಅಘನಾಶಿನಿ. ಅಂಥ ಹೆಸರಿಟ್ಟವರು ಈ ಹೊಂಡವನ್ನು ಎಷ್ಟು ಜತನದಿಂದ ನೋಡಿಕೊಂಡಿರಬೇಕು! ದಡದಲ್ಲಿ ಬಿದ್ದಿದ್ದ ಎರಡು ಚಿಪ್ಸ್ ಪೊಟ್ಟಣಗಳನ್ನು ಅವಳು ಏನೂ ಹೇಳದೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ನನಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ರಾತ್ರಿ ಅಕ್ಕನ ಮನೆಯಲ್ಲಿ ಉಳಿದೆವು. ಸಿದ್ದಾಪುರ ತಾಲೂಕಿನ ಹಳ್ಳಿ, ಮನೆಯಿಂದ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಊಟಕ್ಕೆ ಅಪ್ಪೆಹುಳಿ ಇತ್ತು. ಈ ಕಾಲದಲ್ಲಿ ಮಾವಿನ ಮಿಡಿ ಎಲ್ಲಿಂದ ಅಂದರೆ, ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟದ್ದು. ಹೊಳೆಯಂಚಿನ ಅಪ್ಪೆಮಿಡಿ ಪರಿಮಳ ಭರಣಿಯಲ್ಲಿ ವರ್ಷ ಕಳೆದರೂ ಹೋಗುವುದಿಲ್ಲ. "ಪುಡಿ ಉಪ್ಪು ಹಾಕಿದ್ರೆ ಮಿಡಿ ಕೆಡ್ತು. ಸಾಣಿಕಟ್ಟಾ ಹರಳುಪ್ಪೇ ಆಗವು" ಅಂತ ಅಕ್ಕ ಪ್ರತಿ ವರ್ಷ ಹೇಳುವ ಮಾತನ್ನು ಮತ್ತೆ ಹೇಳಿದಳು. ಮಲಗುವ ಮುಂಚೆ ಅದೇ ಉಪ್ಪನ್ನು ಹಳೇ ಪಂಚೆಯ ಚೂರಿನಲ್ಲಿ ಕಟ್ಟಿ, ಎರಡು ಕೋಲಿನ ತುದಿಗೆ ಬಿಗಿದು, ಜಗಲಿಯ ಮೂಲೆಗೆ ನಿಲ್ಲಿಸಿದಳು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ.

ರಾತ್ರಿ ಒಂದು ಮಳೆ ಹೊಡೆಯಿತು. ಹಂಚಿನ ಮೇಲಿನ ಸದ್ದಿಗೆ ನನಗೆ ಎಚ್ಚರವಾಯಿತು. ನಾಳೆ ಜಲಪಾತ ಚೆನ್ನಾಗಿರುತ್ತದೆ ಅಂದುಕೊಂಡು ಮಗ್ಗುಲಾದೆ.

ಎರಡನೇ ದಿನ: ಕೆಪ್ಪಜೋಗ

ಬೆಳಿಗ್ಗೆ ದೋಸೆ, ಜೋನಿಬೆಲ್ಲ ತಿಂದು ಎಂಟಕ್ಕೆ ಹೊರಟೆವು. ಹೆಗ್ಗರಣೆ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ. ಕಾಡು ಎರಡೂ ಕಡೆಯಿಂದ ಹತ್ತಿರ ಬರುತ್ತದೆ. ಗಾಡಿ ನಿಲ್ಲಿಸಿದಲ್ಲಿಂದ ನಡಿಗೆ. ದೂರ ಹೆಚ್ಚೇನಿಲ್ಲ, ಮಕ್ಕಳೂ ವಯಸ್ಸಾದವರೂ ನಿಧಾನಕ್ಕೆ ನಡೆಯಬಹುದು. ಕೊನೆಯಲ್ಲಿ ಮೆಟ್ಟಿಲುಗಳಿವೆ, ಮಳೆ ಬಿದ್ದ ಮಾರನೇ ದಿನ ಅವು ಜಾರುತ್ತವೆ. ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವಳು ನಿಂತಳು. ಪಾದದ ಗಂಟಿನ ಮೇಲೆ ಒಂದು ಉಂಬಳ. ಹುಲ್ಲುಕಡ್ಡಿಯಷ್ಟು ಸಪೂರ. ಬಾಲ ಊರಿ ತಲೆ ಎತ್ತಿ, ಗಾಳಿಯಲ್ಲಿ ಅತ್ತಿತ್ತ ತಡಕುತ್ತಿತ್ತು. ಇನ್ನೊಂದು ಅದಕ್ಕಿಂತ ಮೊದಲೇ ಕಚ್ಚಿ ದಪ್ಪಗಾಗಿತ್ತು. ಕೋಲಿನ ತುದಿಯ ಗಂಟನ್ನು ಎಲೆಯ ಮೇಲಿನ ನೀರಿಗೆ ಒತ್ತಿ ತಾಗಿಸಿದೆ. ಸುರುಟಿಕೊಂಡು ಉದುರಿತು. ಕಚ್ಚಿದಲ್ಲಿಂದ ತೆಳ್ಳಗೆ ರಕ್ತ ಇಳಿಯುತ್ತಲೇ ಇತ್ತು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ, ಅದಕ್ಕೇ ಬೇಗ ನಿಲ್ಲುವುದಿಲ್ಲ. ಹೆದರುವಂಥದ್ದೇನಿಲ್ಲ. ಅವಳೂ ಹೆದರಲಿಲ್ಲ, ಮಲೆನಾಡಿನ ಕೂಸಲ್ವಾ?

ನಡೆಯುತ್ತಾ ಅವಳು ಅಲ್ಲಿನ ಒಂದು ನಡಿಗೆಯ ಕತೆ ಹೇಳಿದಳು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಫ್ರಾಂಜ್ ಜೋಸೆಫ್ ಅಂತ ಒಂದು ಹಿಮನದಿ. ಅದನ್ನು ನೋಡುವ ಜಾಗಕ್ಕೂ ಹೀಗೇ ಒಂದು ಸಣ್ಣ ಕಾಲುದಾರಿ. ಅರ್ಧ ಗಂಟೆಯೊಳಗೆ ಹೋಗಿ ಬರಬಹುದಂತೆ. ದಾರಿ ಪೂರ್ತಿ ಒದ್ದೆ ಕಾಡು, ಮರದ ಮೈಮೇಲೆಲ್ಲ ಪಾಚಿ, ಆಳೆತ್ತರ ಮೀರಿದ ಜರೀಗಿಡಗಳು.

"ಹಿಮ ಅಂದ್ರೆ ಬೋಳು ಗುಡ್ಡ ಇರ್ತದೆ ಅಂದ್ಕೊಂಡಿದ್ದೆ ಮಾವ. ಅಲ್ಲಿ ನಿಂತ್ರೆ ನಮ್ಮ ಬೆಟ್ಟದ ವಾಸನೆನೇ ಬರ್ತದೆ."

ಯಾಕೆ ಹಾಗೆ ಅಂತ ಅವಳೇ ವಿವರಿಸಿದಳು. ಪಶ್ಚಿಮದ ಕಡಲಿನಿಂದ ಒದ್ದೆ ಗಾಳಿ ಬರುತ್ತದೆ. ದಡದ ಹತ್ತಿರವೇ ಎತ್ತರದ ಬೆಟ್ಟಸಾಲು ಅಡ್ಡ ನಿಂತಿದೆ. ಗಾಳಿ ಮೇಲೇರಿ ತಣ್ಣಗಾಗಿ ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಕೆಳಗೆ ಮಳೆ, ತುದಿಯಲ್ಲಿ ಹಿಮ. ಬಿದ್ದ ಹಿಮ ಒಂದರ ಮೇಲೊಂದು ಒತ್ತಿ ಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಜಾರುತ್ತದೆ. ಕೇಳುತ್ತಾ ನನಗೆ ರೋಮಾಂಚನವಾಯಿತು. ನಮ್ಮ ಮುಂಗಾರೂ ಹೀಗೇ ಅಲ್ವಾ? ಅರಬ್ಬಿ ಸಮುದ್ರದ ಗಾಳಿ, ಅಡ್ಡ ನಿಂತ ಸಹ್ಯಾದ್ರಿ. ನಮ್ಮ ಘಟ್ಟ ಇಲ್ಲಿ ಐದಾರುನೂರು ಮೀಟರ್ ಎತ್ತರ ಅಷ್ಟೇ, ಅದಕ್ಕೆ ಬರೀ ಮಳೆ. ಅಲ್ಲಿ ಆವೊರಾಕಿ (ಮೌಂಟ್ ಕುಕ್) ಅನ್ನುವ ಶಿಖರವೇ 3,724 ಮೀಟರ್.

ಆ ಹಿಮನದಿಗೆ ಅಲ್ಲಿನ ಮಾವೋರಿ ಜನರ ಹೆಸರು ಬೇರೆ ಇದೆ. ಹಿನೆ ಹುಕಾತೆರೆಯ ಕಣ್ಣೀರು ಅಂತ ಅರ್ಥ ಬರುವ ಹೆಸರು. ಬೆಟ್ಟ ಹತ್ತುವುದೆಂದರೆ ಪ್ರಾಣ ಅನ್ನುವ ಹುಡುಗಿ ಅವಳು. ಪ್ರೀತಿಸಿದವನನ್ನೂ ಜೊತೆಗೆ ಕರೆದುಕೊಂಡು ಹೋದಳು. ಹಿಮ ಕುಸಿದು ಅವನು ಸತ್ತ. ಅವಳು ಅತ್ತದ್ದು ಹೆಪ್ಪುಗಟ್ಟಿ ಹಿಮನದಿ ಆಯಿತು. ಕತೆ ಕೇಳಿ ಇಬ್ಬರೂ ಸ್ವಲ್ಪ ದೂರ ಸುಮ್ಮನೆ ನಡೆದೆವು.

ಅಷ್ಟರಲ್ಲಿ ಸದ್ದು ಶುರುವಾಗಿತ್ತು. ಮೊದಲು ದೂರದಲ್ಲಿ ಲಾರಿ ಹೋದ ಹಾಗೆ. ತಿರುವು ದಾಟಿದಂತೆ ಎದೆಯೊಳಗೇ ಗುಂಯ್ ಅನ್ನತೊಡಗಿತು. ಉಂಚಳ್ಳಿಗೆ ಕೆಪ್ಪಜೋಗ ಅಂತ ಹೆಸರು ಬಂದದ್ದೇ ಇದಕ್ಕೆ. ಹತ್ತಿರ ಹೋದವರ ಕಿವಿ ಕೆಪ್ಪಾಗುತ್ತದೆ. ಲುಷಿಂಗ್ಟನ್ ಜಲಪಾತ ಅಂತಲೂ ಪುಸ್ತಕಗಳಲ್ಲಿ ಬರೆಯುತ್ತಾರೆ. 1845ರಲ್ಲಿ ಇಲ್ಲಿನ ಕಲೆಕ್ಟರ್ ಆಗಿದ್ದ ಲುಷಿಂಗ್ಟನ್ ಇದನ್ನು ಕಂಡುಹಿಡಿದ ಅಂತ ಹೇಳುವುದುಂಟು. ಕೆಪ್ಪಜೋಗ ಅಂತ ಕರೆದವರು ಆ ಸದ್ದನ್ನು ಕೇಳಿಯೇ ಕರೆದಿರಬೇಕಲ್ಲ. ನನಗೆ ಆ ಹೆಸರೇ ಸರಿ.

ವೀಕ್ಷಣಾ ಕಟ್ಟೆಗೆ ಬಂದು ಕಂಬಿ ಹಿಡಿದು ನಿಂತರೆ ಎದುರಿಗೆ ಬರೀ ಬಿಳಿ. ಮಂಜು. ಕಣಿವೆ ಇಲ್ಲ, ಜಲಪಾತ ಇಲ್ಲ, ಸದ್ದು ಮಾತ್ರ. ಕನ್ನಡಕದ ಮೇಲೆ ಸಣ್ಣ ಸಣ್ಣ ಹನಿ ಕೂತವು. ಒರೆಸಿದೆ, ಮತ್ತೆ ಕೂತವು. ನಮ್ಮ ಜೊತೆ ಬಂದಿದ್ದ ನಾಲ್ಕು ಹುಡುಗರು ಐದು ನಿಮಿಷ ಕಾದು, ಏನೂ ಕಾಣಲ್ಲ ಅಂತ ವಾಪಸ್ ಹೊರಟರು. ಇನ್ನೊಂದು ಸ್ವಲ್ಪ ನಿಲ್ಲಿ ಅಂದೆ. ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲವೋ ಏನೋ.

ನಾವು ಕೂತೆವು. ಇಂಥ ಜಾಗದಲ್ಲಿ ಕಾಯುವುದೇ ಮುಖ್ಯ ಕೆಲಸ. ಅಲ್ಲೂ ಹೀಗೇ ಕಾದಿದ್ದೆ ಅಂತ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ಆ ದಿನ ಮೋಡ ಸರಿದಾಗ ಮೊದಲು ಕಂಡದ್ದು ಹಿಮವಲ್ಲವಂತೆ. ದೊಡ್ಡ ಕಲ್ಲುಗುಂಡಿನ ಬಯಲು. ಅದರ ನಡುವೆ ಹೊಳೆ, ಬಣ್ಣ ಥೇಟ್ ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ. ಹಿಮನದಿ ಜಾರುವಾಗ ತಳದ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತದೆ, ಆ ಹಿಟ್ಟು ನೀರಿನಲ್ಲಿ ಬರುತ್ತದೆ. ಬಯಲಿನಾಚೆ, ಬಹಳ ದೂರದಲ್ಲಿ, ಬೆಟ್ಟದ ಸಂದಿನಲ್ಲಿ ನೀಲಿ ಛಾಯೆಯ ಹಿಮ. 1983ರಿಂದ 2008ರವರೆಗೆ ಅದು ಹೆಚ್ಚುಕಡಿಮೆ ಮುಂದಕ್ಕೇ ಬರುತ್ತಿತ್ತು. ಆಮೇಲೆ ಬೇಗ ಬೇಗ ಹಿಂದೆ ಸರಿಯಿತು. ಮೊದಲೆಲ್ಲ ಕಣಿವೆಯಿಂದಲೇ ನಡೆದು ಹಿಮದ ಮೇಲೆ ಹತ್ತುತ್ತಿದ್ದರು. 2012ರಲ್ಲಿ ಅದು ನಿಂತುಹೋಯಿತು. ಮೂತಿ ಕುಸಿದು ಅಪಾಯವಾಯಿತು. ಈಗ ಹಿಮದ ಮೇಲೆ ಕಾಲಿಡಬೇಕಾದರೆ ಹೆಲಿಕಾಪ್ಟರಿನಲ್ಲಿ ಇಳಿಯಬೇಕು.

"ಅಲ್ಲಿ ನಿಂತಾಗ, ಯಾರೋ ಎದ್ದು ಹೋದ ಕುರ್ಚಿ ನೋಡಿದ ಹಾಗಾಯ್ತು ಮಾವ" ಅಂದಳು.

ಆಗ ಗಾಳಿ ತಿರುಗಿತು. ಮಂಜು ಕೆಳಗಿನಿಂದ ಹರಿದುಕೊಂಡಿತು. ಮೊದಲು ಕಪ್ಪು ಬಂಡೆಯ ಒಂದು ತುಂಡು, ಆಮೇಲೆ ಅದರ ಪಕ್ಕ ಬಿಳಿ. ನೋಡುತ್ತಿದ್ದ ಹಾಗೇ ಇಡೀ ಜಲಪಾತ ತೆರೆದುಕೊಂಡಿತು. 116 ಮೀಟರ್. ಮೇಲೆ ಅಂಚಿನಲ್ಲಿ ನೀರು ಹಳದಿ ಮಿಶ್ರಿತ ಕಂದು, ರಾತ್ರಿಯ ಮಳೆಯ ಮಣ್ಣು. ಅಂಚು ದಾಟಿದ ಕೂಡಲೇ ಹಾಲಿನ ಬಿಳಿ. ಒಂದೇ ಜಾಗ ನೋಡುತ್ತಿದ್ದರೆ ನೀರಿನ ಒಂದು ಮುದ್ದೆ ಬಿಡಿಸಿಕೊಂಡು, ನಿಧಾನಕ್ಕೆ ಬೀಳುತ್ತಿದೆ ಅನ್ನಿಸುತ್ತದೆ. ಅದರ ಜೊತೆ ಕಣ್ಣು ಕೆಳಗಿಳಿಸಿದರೆ ಅರ್ಧಕ್ಕೇ ಪುಡಿಯಾಗಿ ಹೊಗೆಯಾಗುತ್ತದೆ. ಬುಡ ಕಾಣುವುದೇ ಇಲ್ಲ. ಆ ಹೊಗೆ ಮತ್ತೆ ಮೇಲೆ ಬಂದು ನಮ್ಮ ಮುಖಕ್ಕೆ ತಾಗುತ್ತಿತ್ತು.

ಅವಳು ಫೋನ್ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಹತ್ತು ನಿಮಿಷ ಇದ್ದಿರಬೇಕು, ಮತ್ತೆ ಮಂಜು ಮುಚ್ಚಿತು.

ವಾಪಸ್ ಬರುವಾಗ ಮರದ ತುದಿಯಲ್ಲಿ ಕೊಂಬೆ ಅಲ್ಲಾಡಿತು. ಸಿಂಗಳೀಕ ಇರಬಹುದು ಅಂತ ನಿಂತು ನೋಡಿದೆವು, ಕಾಣಲಿಲ್ಲ. ಈ ಕಣಿವೆಯ ಕಾಡು ಸಿಂಗಳೀಕಗಳ ಮನೆ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಆ ಪ್ರಾಣಿ ಇಲ್ಲ. ಮರದಿಂದ ಮರಕ್ಕೆ ಹೋಗಿ ಬದುಕುವ ಜೀವ, ಕಾಡಿನ ಮಾಡು ಎಲ್ಲೂ ಹರಿಯಬಾರದು.

ಅಕ್ಕ ಊಟಕ್ಕೆ ಕಾಯುತ್ತಿದ್ದಳು. "ಕಂಡ್ತಾ?" ಅಂತ ಒಂದೇ ಪ್ರಶ್ನೆ. ಕಂಡಿತು ಅಂದೆವು. ಉಳಿದ ಮಧ್ಯಾಹ್ನ ನಿದ್ದೆಯಲ್ಲಿ ಹೋಯಿತು.

ಮೂರನೇ ದಿನ: ಉಪ್ಪು, ಕಗ್ಗ, ಬಳಚು

ಬೆಳಗಿನ ಜಾವವೇ ಶಿರಸಿಗೆ ಬಂದು ದೇವಿಮನೆ ಘಟ್ಟ ಇಳಿದೆವು. ರಸ್ತೆಯ ಬಗ್ಗೆ ಹೇಳುವುದೇನಿಲ್ಲ, ಕುಲುಕಾಟ. ಘಟ್ಟದ ಬುಡದಲ್ಲಿ ಕಿಟಕಿ ಇಳಿಸಿದರೆ ಗಾಳಿಯೇ ಬೇರೆ, ಸೆಖೆ. ಕುಮಟೆಯಲ್ಲಿ ಚಾ ಕುಡಿದು ಮಿರ್ಜಾನಿಗೆ ಬಂದೆವು.

ಮಿರ್ಜಾನ್ ಕೋಟೆ ಕೆಂಪು ಚಿರೇಕಲ್ಲಿನದು. ಮಳೆಗಾಲದ ಹಸಿರು ಇನ್ನೂ ಗೋಡೆಯ ಮೇಲೇ ಇತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಸೇರಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೆಣಸು ಈ ಅಘನಾಶಿನಿಯ ದಡದಿಂದ ಹಡಗು ಹತ್ತುತ್ತಿತ್ತು. ಅಕ್ಕನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೆನಪಾಯಿತು.

ಇಲ್ಲಿ ನದಿ ಬಹಳ ಅಗಲ. ನಿನ್ನೆಯ ಆರ್ಭಟ ಇಲ್ಲ. ಕೆಲವೊಮ್ಮೆ ನೀರು ಹಿಂದಕ್ಕೂ ಹರಿಯುತ್ತದೆ. ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗಿ ಉಪ್ಪಿನಪಟ್ಟಣದ ಆಸುಪಾಸಿನವರೆಗೂ ಏರುತ್ತದೆ. ಊರಿನ ಹೆಸರಲ್ಲೇ ಉಪ್ಪಿದೆ ನೋಡಿ. ಇಳಿತದಲ್ಲಿ ಸಿಹಿನೀರು ಕೆಳಗೆ ಬರುತ್ತದೆ. ದಿನಕ್ಕೆ ಎರಡು ಸಲ ಈ ಹೋಗುವುದು ಬರುವುದು. ಇಲ್ಲಿನ ಬದುಕೆಲ್ಲ ಅದರ ಮೇಲೇ ನಿಂತಿದೆ.

ಗಜನಿ ಗದ್ದೆಗಳಲ್ಲಿ ಕಗ್ಗದ ಕೊಯ್ಲು ನಡೆಯುತ್ತಿತ್ತು. ಗಜನಿ ಅಂದರೆ ಹಿನ್ನೀರಿನ ಪಕ್ಕದ ತಗ್ಗು ಗದ್ದೆ. ಕಗ್ಗ ಉಪ್ಪುನೀರನ್ನೂ ತಡೆದುಕೊಳ್ಳುವ ಭತ್ತ. ಮಳೆಗಾಲದ ಶುರುವಿಗೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತಂದು ಹಾಕುವ ಮಣ್ಣೇ ಅದಕ್ಕೆ ಊಟ. ಹೆಂಗಸರು ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಿದ್ದರು. ಉಳಿದ ಹುಲ್ಲು ನೀರಿನಲ್ಲೇ ಕೊಳೆತು ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಈಗ ಕಗ್ಗ ಬೆಳೆಯುವ ಗದ್ದೆ ಕಡಿಮೆಯಾಗಿದೆ. ಬೆಳೆಯುವವರನ್ನು ನೋಡಿದರೆ ಕೈಮುಗಿಯುವ ಹಾಗೆ ಆಗುತ್ತದೆ.

ಸಾಣಿಕಟ್ಟಾದಲ್ಲಿ ಉಪ್ಪಿನಾಗರ ಇನ್ನೂ ಶುರುವಾಗಿರಲಿಲ್ಲ. ಬೇಸಿಗೆ ಬರಬೇಕು. ಚೌಕ ಚೌಕ ಪಾತಿಗಳಲ್ಲಿ ನೀರು ನಿಂತಿತ್ತು, ಮೇಲೆ ಬೆಳ್ಳಕ್ಕಿ. ಆದರೆ ಉಪ್ಪು ಮಾರಾಟಕ್ಕಿತ್ತು. ಐದು ಕಿಲೋ ತೆಗೆದುಕೊಂಡೆ. ಹರಳು ಪೂರ್ತಿ ಬಿಳಿ ಇರುವುದಿಲ್ಲ, ಮಣ್ಣಿನ ಛಾಯೆ ಇರುತ್ತದೆ. ಅವಳು ಒಂದು ಹರಳನ್ನು ಬೆಳಕಿಗೆ ಹಿಡಿದು ನೋಡಿ ನಾಲಿಗೆ ಮೇಲಿಟ್ಟುಕೊಂಡಳು. "ನಿನ್ನೆ ಉಂಬಳಕ್ಕೆ ಹಾಕಿದ್ದು ಇದೇ ಅಲ್ವಾ?" ಅದೇ. ಈ ಹೊಳೆಯ ಬಾಯಲ್ಲಿ ಆದ ಉಪ್ಪು ಘಟ್ಟ ಹತ್ತಿ, ಅದೇ ಹೊಳೆಯ ಅಂಚಿನ ಮಿಡಿಯ ಭರಣಿಗೆ ಸೇರುತ್ತದೆ.

ಮಧ್ಯಾಹ್ನದ ಮೇಲೆ ತದಡಿಗೆ ಬಂದೆವು. ಇಳಿತದ ಹೊತ್ತು. ದಡದ ಹತ್ತಿರ ಐದಾರು ಜನ ಸೊಂಟದ ನೀರಿನಲ್ಲಿ ಬಳಚು ಅನ್ನುವ ಚಿಪ್ಪಿಜೀವಿಯನ್ನು ಹೆಕ್ಕುತ್ತಿದ್ದರು. ಕಾಲಲ್ಲೇ ತಡಕಿ, ಬಗ್ಗಿ, ಕೈಗೆ ಬಂದದ್ದನ್ನು ಬುಟ್ಟಿಗೆ ಹಾಕುತ್ತಿದ್ದರು. ಅರವತ್ತು ದಾಟಿದ ಒಬ್ಬರು ದಡಕ್ಕೆ ಬಂದಾಗ ಅವಳು ಹತ್ತಿರ ಹೋಗಿ ಕೂತಳು. ನಾವು ತಿನ್ನುವವರಲ್ಲ ಅಂತ ಅವರಿಗೆ ಗೊತ್ತಾಗಿರಬೇಕು. ಆದರೂ ಒಂದನ್ನು ಅಂಗೈ ಮೇಲಿಟ್ಟು ತೋರಿಸಿದರು. ಬೂದು ಚಿಪ್ಪು, ಮೇಲೆ ಸಣ್ಣ ಗೆರೆಗಳು. ಸ್ವಲ್ಪ ಹೊತ್ತಿಗೆ ಅದು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಒಂದು ಹನಿ ನೀರು ಚಿಮ್ಮಿಸಿ ಮತ್ತೆ ಮುಚ್ಚಿಕೊಂಡಿತು.

"ಇದು ಸಣ್ಣದು ಮಗಾ. ಬೆಳೀಲಿ" ಅಂದು ನೀರಿಗೆ ಹಾಕಿದರು.

ಸಿಹಿನೀರು ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ ಅಂತ ಅವರೇ ಹೇಳಿದರು. ಎರಡೂ ಹದವಾಗಿ ಬೆರೆತರೆ ಮಾತ್ರ ಬಳಚು ಆಗುತ್ತದೆ. ಈ ಹದ ಇನ್ನೂ ಉಳಿದಿರುವುದು ಮೇಲೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ. ಕಾಳಿಗೆ ಅಣೆಕಟ್ಟು ಬಂತು, ಶರಾವತಿಗೆ ಬಂತು. ಅಘನಾಶಿನಿ ಇನ್ನೂ ತನ್ನ ಇಷ್ಟದ ಹಾಗೆ ಹರಿಯುತ್ತಿದ್ದಾಳೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಆ ಸುದ್ದಿ ಬಂದ ದಿನ ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ. ನೀರು ಬರುವ ದಾರಿಯನ್ನೂ ಹಾಗೇ ಬಿಟ್ಟರೆ ಮಾತ್ರ ಆ ಪಟ್ಟಿಗೆ ಅರ್ಥ.

ಬಳಚಿನ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಆಚೆ ದಡಕ್ಕೆ ಹೋಗಲು ನಾವು ಹತ್ತಿದ ದೋಣಿಯ ಯಜಮಾನರು ಕವಳ ಹಾಕುತ್ತಿದ್ದರು. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದರು. ಘಟ್ಟದ ಮೇಲಿನ ಅಡಿಕೆ, ಕೆಳಗಿನ ಸುಣ್ಣ. ನನಗೂ ಒಂದು ಕೊಟ್ಟರು.

ತದಡಿಯಿಂದ ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ದೋಣಿ ನಡುನೀರಿಗೆ ಬಂತು. ಎಡಕ್ಕೆ ನಾವು ಬಂದ ದಿಕ್ಕು, ದೂರದಲ್ಲಿ ನೀಲಿ ಘಟ್ಟ, ತುದಿಯಲ್ಲಿ ಮೋಡ. ಬಲಕ್ಕೆ ಅಳಿವೆ, ಬಿಳಿ ಅಲೆಯ ಗೆರೆ, ಅದರಾಚೆ ಅರಬ್ಬಿ ಸಮುದ್ರ.

"ಹೊಳೆ ಎಲ್ಲಿಂದ ನೋಡ್ಕೊಂಡು ಬಂದ್ರಿ?" ಅಂತ ಅವರು ಕೇಳಿದರು. ಶಿರಸಿಯ ಹೊಂಡದಿಂದ ಅಂದೆ. ಅವರಿಗೆ ಖುಷಿಯಾಯಿತು. "ಹಾಗಾದ್ರೆ ಒಂದು ತೋರಿಸ್ತೇನೆ" ಅಂದು ಎಂಜಿನ್ ಬಂದ್ ಮಾಡಿದರು.

ಸದ್ದು ನಿಂತಿತು. ದೋಣಿ ನಿಲ್ಲಲಿಲ್ಲ. ಇಳಿತದ ನೀರು ಅದನ್ನು ತನ್ನ ಪಾಡಿಗೆ ಬಲಕ್ಕೆ, ಸಮುದ್ರದ ಕಡೆಗೆ ಒಯ್ಯುತ್ತಿತ್ತು. ಅವಳು ಬಗ್ಗಿ ಕೈಯನ್ನು ನೀರಿಗೆ ಇಳಿಬಿಟ್ಟಳು. ಆಮೇಲೆ ಬೆರಳನ್ನು ನಾಲಿಗೆಗೆ ತಾಗಿಸಿದಳು.

"ಅಷ್ಟೇನೂ ಉಪ್ಪಿಲ್ಲ ಮಾವ" ಅಂದಳು.

ನಾನೂ ನೋಡಿದೆ. ಹೌದು, ಅಷ್ಟೇನೂ ಉಪ್ಪಿರಲಿಲ್ಲ.